ಗೊರಸು ಹೇಳುವ ಸಂಗತಿ

ದನದ ಸಂತೆಯಲ್ಲಿ ಎತ್ತು ಕೊಳ್ಳಲು ಬಂದ ಅನುಭವಸ್ಥ ರೈತನನ್ನು ಒಮ್ಮೆ ಗಮನಿಸಿ ನೋಡಬೇಕು. ಅವನು ಮೊದಲು ಎತ್ತಿನ ಹಲ್ಲನ್ನು ಪರೀಕ್ಷಿಸುತ್ತಾನೆ, ಸುಳಿಯನ್ನು ನೋಡುತ್ತಾನೆ, ಬೆನ್ನನ್ನೂ ಹೆಗಲನ್ನೂ ತಟ್ಟುತ್ತಾನೆ. ಆಮೇಲೆ ಅದನ್ನು ಹತ್ತು ಹೆಜ್ಜೆ ನಡೆಸಿ, ನೆಲಕ್ಕೆ ಬಗ್ಗಿ, ಗೊರಸುಗಳನ್ನು ಬಹಳ ಹೊತ್ತು ನೋಡುತ್ತಾನೆ. ಕೊಂಬು ಸೊಟ್ಟಗಿದ್ದರೂ ಎತ್ತು ದುಡಿದೀತು. ಗೊರಸು ಕೆಟ್ಟರೆ ದುಡಿಯಲಾರದು. ಆದುದರಿಂದಲೇ ವ್ಯಾಪಾರದ ಕೊನೆಯ ಮಾತು ಗೊರಸನ್ನು ನೋಡಿದ ಮೇಲೆಯೇ ಹೊರಡುತ್ತದೆ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ರೈತರಿಗೆ ಈ ತಿಳಿವಳಿಕೆ ಹಿರಿಯರಿಂದ ಬಂದ ಆಸ್ತಿ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಈ ಸೀಮೆಯಲ್ಲಿ ಕಬ್ಬು ಮುಖ್ಯವಾದ ಬೆಳೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ಬಂತೆಂದರೆ ರಸ್ತೆಗಳ ತುಂಬ ಕಬ್ಬಿನ ಸಾಗಾಟ. ಟ್ರ್ಯಾಕ್ಟರುಗಳು ಎಷ್ಟೇ ಹೆಚ್ಚಿದರೂ ಎತ್ತಿನ ಗಾಡಿಗಳು ಇನ್ನೂ ಮರೆಯಾಗಿಲ್ಲ. ಈ ಭಾಗದಲ್ಲಿಯೂ ನೆರೆಯ ದಕ್ಷಿಣ ಮಹಾರಾಷ್ಟ್ರದಲ್ಲಿಯೂ ಹೆಸರಾದ ಖಿಲಾರಿ ಎತ್ತು ಗಟ್ಟಿ ಗೊರಸಿಗೆ ಪ್ರಸಿದ್ಧವಾದುದು. ಆದರೂ ಭಾರವಾದ ಗಾಡಿಯನ್ನು ಡಾಂಬರು ರಸ್ತೆಯ ಮೇಲೆ ದಿನವೂ ಎಳೆಯುವಾಗ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ. ಅದಕ್ಕಾಗಿ ಎತ್ತಿಗೆ ಲಾಳ ಬಡಿಸುತ್ತಾರೆ. ಎತ್ತಿನ ಗೊರಸು ಸೀಳಿರುವುದರಿಂದ ಕುದುರೆಯ ಲಾಳದಂತೆ ಒಂದೇ ತುಂಡು ಸಾಲದು; ಒಂದೊಂದು ಕಾಲಿಗೆ ಎರಡೆರಡು ತುಂಡುಗಳು ಬೇಕು.

ಲಾಳ ಬಡಿಯುವವನು ಹೊಸ ಲಾಳವನ್ನು ಇಡುವ ಮೊದಲು ಒಂದು ಕೆಲಸವನ್ನು ತಪ್ಪದೆ ಮಾಡುತ್ತಾನೆ. ಹಳೆಯ ಲಾಳವನ್ನು ಕಿತ್ತು, ಹರಿತವಾದ ಉಳಿಯಿಂದ ಗೊರಸಿನ ತುದಿಯನ್ನೂ ಅಡಿಯನ್ನೂ ಹೆರೆದು ಸಮ ಮಾಡುತ್ತಾನೆ. ಇದೇಕೆ? ಲಾಳವಿರುವಾಗ ಸವೆಯುವುದು ಕಬ್ಬಿಣ, ಗೊರಸಲ್ಲ. ಆದರೆ ಸವೆತ ನಿಂತಿತೆಂದು ಗೊರಸು ತನ್ನ ಬೆಳವಣಿಗೆಯನ್ನು ನಿಲ್ಲಿಸುವುದಿಲ್ಲ. ಹೆರೆಯದೆ ಬಿಟ್ಟರೆ ಅದು ಮುಂದಕ್ಕೆ ಚಾಚಿ, ಮೇಲಕ್ಕೆ ಸುರುಳಿಗೊಂಡು, ಎತ್ತು ಹಿಮ್ಮಡಿಯ ಮೇಲೆ ಭಾರ ಹಾಕಿ ಕುಂಟತೊಡಗುತ್ತದೆ.

ಅಥಣಿಯ ಚರ್ಮದ ಪಾದರಕ್ಷೆಗಳನ್ನು ಎಲ್ಲರೂ ಬಲ್ಲರು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ಜಿಲ್ಲೆಗಳೊಂದಿಗೆ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಪಾಲು ಪಡೆಯಿತು. ಆ ಚಪ್ಪಲಿ ಎಷ್ಟೇ ಗಟ್ಟಿಯಾಗಿರಲಿ, ನಡೆದಂತೆ ಅದರ ಅಟ್ಟೆ ಸವೆಯುತ್ತದೆ. ಸವೆದದ್ದು ಮತ್ತೆ ಬೆಳೆಯದು. ಗೊರಸಾದರೋ ಸವೆಯುತ್ತಲೇ ಬೆಳೆಯುವ, ಬೆಳೆಯುತ್ತಲೇ ಸವೆಯುವ ಪಾದರಕ್ಷೆ. ಬೆಳವಣಿಗೆ ಮತ್ತು ಸವೆತ ಇವೆರಡೂ ಸಮನಾಗಿರುವವರೆಗೆ ಪ್ರಾಣಿಯ ಕಾಲು ಕ್ಷೇಮ. ಈ ಸಮತೋಲ ತಪ್ಪಿದಾಗ ಎತ್ತಿಗೆ ನೆರವಾಗಲು ಮನುಷ್ಯನಿದ್ದಾನೆ. ಕಾಡಿನ ಜಿಂಕೆಗೆ ಯಾರಿದ್ದಾರೆ? ಅದಕ್ಕೆ ಲಾಳ ಬಡಿಯುವವರಿಲ್ಲ, ಗೊರಸು ಹೆರೆಯುವವರಿಲ್ಲ. ಅದು ನಡೆಯುವ ನೆಲವೇ ಅದರ ಉಳಿ. ಹಾಗಿದ್ದರೂ ಒಮ್ಮೊಮ್ಮೆ ಕಾಡಿನ ಜಿಂಕೆಯ ಗೊರಸು ಹಳೆಯ ಕಾಲದ ಜೋಡಿನ ತುದಿಯಂತೆ ಉದ್ದವಾಗಿ ಬೆಳೆದು ಬಾಗಿರುವುದು ಕಾಣುತ್ತದೆ. ಇದಕ್ಕೆ ಕಾರಣವೇನು?

ಕಾರಣವನ್ನು ಹುಡುಕುವ ಮೊದಲು ಗೊರಸಿನ ರಚನೆಯನ್ನು ತಿಳಿಯಬೇಕು. ಗೊರಸು ಕೆರಾಟಿನ್ ಎಂಬ ದ್ರವ್ಯದಿಂದಾದುದು. ನಮ್ಮ ಉಗುರು ಮತ್ತು ಕೂದಲುಗಳೂ ಅದರಿಂದಲೇ ಆದವು. ಹೊರಗಿನ ಗಟ್ಟಿ ಕವಚಕ್ಕೆ ನೋವಿಲ್ಲ, ರಕ್ತವಿಲ್ಲ. ಆದರೆ ಅದರ ಒಳಗೆ ರಕ್ತನಾಳಗಳಿಂದಲೂ ನರಗಳಿಂದಲೂ ತುಂಬಿದ ಒಂದು ಜೀವಪದರವುಂಟು. ಈ ಪದರವೇ ಕವಚವನ್ನು ಒಳಗಿನ ಎಲುಬಿಗೆ ಬಿಗಿದು ಹಿಡಿದಿರುತ್ತದೆ. ಕಾಲಿನ ಕೂದಲು ಮುಗಿದು ಗೊರಸು ತೊಡಗುವ ಅಂಚಿನಲ್ಲಿ ಹೊಸ ಕವಚ ಹುಟ್ಟಿ ಕೆಳಕ್ಕೆ ಇಳಿಯುತ್ತದೆ. ದನಗಳಲ್ಲಿ ಅದು ತಿಂಗಳಿಗೆ ಸುಮಾರು 5 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಎಂದರೆ ಇಂದು ಅಂಚಿನಲ್ಲಿ ಹುಟ್ಟಿದ ಕವಚ ಗೊರಸಿನ ತುದಿಯನ್ನು ಮುಟ್ಟಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು.

ಎತ್ತು, ಆಡು, ಕುರಿ, ಜಿಂಕೆ ಇವೆಲ್ಲ ಸೀಳುಗೊರಸಿನ ಪ್ರಾಣಿಗಳು. ನಾವು ಸಾಮಾನ್ಯವಾಗಿ ಜಿಂಕೆಯೆಂದು ಕರೆಯುವವುಗಳಲ್ಲಿ ಎರಡು ಬಗೆಯುಂಟು. ಮೈಮೇಲೆ ಚುಕ್ಕೆಗಳಿರುವ ಸಾರಗ, ದೊಡ್ಡ ಮೈಯ ಕಡವೆ ಮೊದಲಾದವು ನಿಜವಾದ ಜಿಂಕೆಗಳು. ಇವುಗಳ ಗಂಡುಗಳು ಕವಲೊಡೆದ ಕೊಂಬುಗಳನ್ನು ಉದುರಿಸಿ ಮತ್ತೆ ಬೆಳೆಸಿಕೊಳ್ಳುತ್ತವೆ. ಕೃಷ್ಣಮೃಗ ಮತ್ತು ಚಿಂಕಾರಗಳು ಬೇರೆ ಕುಲದವು. ಇವುಗಳ ಕೊಂಬು ಉದುರುವುದಿಲ್ಲ. ಚಿಕ್ಕೋಡಿ, ಅಥಣಿಗಳ ಸೀಮೆ ಬಯಲುನಾಡು. ಬೆಳಗಾವಿ ಜಿಲ್ಲೆಯ ದಟ್ಟವಾದ ಕಾಡು ಇರುವುದು ದಕ್ಷಿಣದ ಖಾನಾಪುರದ ಕಡೆಗೆ. ಅಲ್ಲಿಯ ಭೀಮಗಡವನ್ನು 2011ರಲ್ಲಿ ವನ್ಯಧಾಮವೆಂದು ಘೋಷಿಸಲಾಯಿತು. ಪಕ್ಕದ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಗಳಿಗೂ, ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗೂ ಮೀಸಲಾದ ನೆಲೆಗಳುಂಟು. ಕುಲ ಯಾವುದೇ ಇರಲಿ, ಗೊರಸಿನ ನಿಯಮ ಇವೆಲ್ಲಕ್ಕೂ ಒಂದೇ. ಆದುದರಿಂದ ಕೊಟ್ಟಿಗೆಯ ದನದಿಂದ ಕಲಿತ ಪಾಠ ಕಾಡಿನ ಜಿಂಕೆಯನ್ನು ಅರಿಯಲು ನೆರವಾಗುತ್ತದೆ.

ಗೊರಸು ಅತಿಯಾಗಿ ಬೆಳೆಯಲು ಮೊದಲ ಕಾರಣ ಸವೆತದ ಕೊರತೆ. ಕಾಡಿನಲ್ಲಿ ಜಿಂಕೆ ಮೇವಿಗಾಗಿ, ನೀರಿಗಾಗಿ, ಪ್ರಾಣಭಯದಿಂದ ಕಲ್ಲು ನೆಲದ ಮೇಲೆ ದಿನವೂ ಬಹಳ ದೂರ ಓಡಾಡುತ್ತದೆ. ಅದನ್ನೇ ತಂದು ಮೆತ್ತನೆಯ ಹುಲ್ಲು ನೆಲದ ಆವರಣದಲ್ಲಿಟ್ಟು, ಮೇವನ್ನು ಬಾಯಿಯ ಬಳಿಗೆ ಒದಗಿಸಿದರೆ, ಗೊರಸಿಗೆ ಉಳಿಯ ಪೆಟ್ಟು ತಪ್ಪಿದಂತಾಗುತ್ತದೆ. ಮೃಗಾಲಯಗಳಲ್ಲಿ ಇಂಥ ಪ್ರಾಣಿಗಳ ಗೊರಸನ್ನು ಆಗಾಗ ಕತ್ತರಿಸಬೇಕಾಗುವುದು ಇದರಿಂದಲೇ. ಕೊಟ್ಟಿಗೆಯಲ್ಲಿ ಸದಾ ಕಟ್ಟಿಹಾಕಿದ ಹಾಲಿನ ಹಸುವಿನ ಗೊರಸು ಬೆಳೆಯುವುದೂ ಇದೇ ಕಾರಣದಿಂದ. ತೇವವೂ ಇದಕ್ಕೆ ಜೊತೆಗೂಡುತ್ತದೆ. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಕೃಷ್ಣೆ ಮತ್ತು ಅದರ ಉಪನದಿಗಳು ಉಕ್ಕಿ ಈ ತಾಲೂಕುಗಳ ಊರುಗಳನ್ನು ಮುಳುಗಿಸಿದವು. ಅಂಥ ನೆರೆಯ ದಿನಗಳಲ್ಲಿ ಕೆಸರಿನಲ್ಲಿಯೇ ನಿಲ್ಲಬೇಕಾದ ದನಗಳ ಗೊರಸು ನೀರು ಹೀರಿ ಮೆತ್ತಗಾಗುತ್ತದೆ. ಸಂದುಗಳಲ್ಲಿ ರೋಗಾಣುಗಳಿಗೆ ಎಡೆ ಸಿಗುತ್ತದೆ.

ಆದರೆ ಉದ್ದವಾದ ಗೊರಸೆಲ್ಲ ರೋಗದ ಗುರುತಲ್ಲ. ಈ ಮಾತಿಗೆ ನಮ್ಮ ದೇಶದ ಬಾರಾಸಿಂಘಾ ಜಿಂಕೆಯೇ ಸಾಕ್ಷಿ. ಉತ್ತರ ಪ್ರದೇಶದ ದುಧ್ವಾ ಕಾಡಿನ ಜೌಗು ನೆಲದಲ್ಲಿರುವ ಬಾರಾಸಿಂಘಾದ ಗೊರಸುಗಳು ಅಗಲವಾಗಿ ಹರಡಿಕೊಂಡಿವೆ. ಕೆಸರಿನಲ್ಲಿ ಹೂತುಹೋಗದಿರಲು ಅವು ಬೇಕು. ಮಧ್ಯಪ್ರದೇಶದ ಕಾನ್ಹಾದ ಗಟ್ಟಿ ನೆಲದಲ್ಲಿರುವ ಬಾರಾಸಿಂಘಾದ ಗೊರಸುಗಳು ಒತ್ತಾಗಿ, ಗಟ್ಟಿಯಾಗಿವೆ. ಹೆಸರು ಒಂದೇ, ನೆಲ ಬೇರೆಯಾದುದರಿಂದ ಪಾದವೂ ಬೇರೆಯಾಯಿತು. ಪ್ರಾಣಿಯ ಗೊರಸನ್ನು ಅದು ಬಾಳುವ ನೆಲದೊಂದಿಗೆ ಸೇರಿಸಿಯೇ ನೋಡಬೇಕೆಂಬುದಕ್ಕೆ ಇದೊಂದು ನಿದರ್ಶನ.

ಎರಡನೆಯ ಕಾರಣ ಗಾಯ. ಬೇಲಿಯ ತಂತಿಗೆ ಸಿಕ್ಕಿಯೋ, ವಾಹನಕ್ಕೆ ತಾಗಿಯೋ ಜಿಂಕೆಯ ಒಂದು ಕಾಲಿನ ಎಲುಬು ಮುರಿಯಿತೆನ್ನೋಣ. ಪ್ರಾಣಿ ಆ ಕಾಲನ್ನು ಎತ್ತಿಕೊಂಡೇ ಮೂರು ಕಾಲಿನ ಮೇಲೆ ಬದುಕಲು ಕಲಿಯುತ್ತದೆ. ನೆಲಕ್ಕೆ ಊರದ ಕಾಲಿನ ಗೊರಸು ಸವೆಯದು. ಆದರೆ ಬೆಳವಣಿಗೆ ನಿಲ್ಲದು. ಕೆಲವು ತಿಂಗಳಲ್ಲಿ ಆ ಒಂದು ಗೊರಸು ಮಾತ್ರ ಉದ್ದವಾಗುತ್ತದೆ. ಇಲ್ಲಿ ತಪ್ಪಿರುವುದು ಗೊರಸಿನಲ್ಲಲ್ಲ, ಮೇಲಿನ ಎಲುಬಿನಲ್ಲಿ.

ಮೂರನೆಯ ಕಾರಣ ಆಹಾರ. ಇದು ವಿಶೇಷವಾಗಿ ಗಮನಿಸತಕ್ಕದ್ದು. ಏಕೆಂದರೆ ಇದರಲ್ಲಿ ಮನುಷ್ಯನ ದಯೆಯೇ ಅಪಾಯವಾಗಿ ಪರಿಣಮಿಸುವುದುಂಟು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ರೂಮೆನ್ ಎಂಬ ದೊಡ್ಡ ಕೋಣೆಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ನೆಲೆಸಿ, ಹುಲ್ಲು ಎಲೆಗಳ ನಾರನ್ನು ನಿಧಾನವಾಗಿ ಕರಗಿಸುತ್ತವೆ. ಹುಲ್ಲಿಗೆ ಒಗ್ಗಿದ ಈ ಹೊಟ್ಟೆಗೆ ಒಮ್ಮೆಲೇ ಗೋವಿನಜೋಳ, ಗೋಧಿ, ಅನ್ನ, ರೊಟ್ಟಿ ಮೊದಲಾದ ಪಿಷ್ಟಪದಾರ್ಥಗಳು ಬಿದ್ದರೆ ಬೇರೊಂದು ಬಗೆಯ ಸೂಕ್ಷ್ಮಜೀವಿಗಳು ವೇಗವಾಗಿ ಹೆಚ್ಚಿ ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುತ್ತವೆ. ಹೊಟ್ಟೆ ಹುಳಿಯಾಗುತ್ತದೆ; ಹಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ; ಅವುಗಳಿಂದ ಹೊರಟ ವಿಷ ರಕ್ತವನ್ನು ಸೇರುತ್ತದೆ. ಅತಿಯಾದರೆ ಪ್ರಾಣಿ ಒಂದೆರಡು ದಿನಗಳಲ್ಲಿಯೇ ಸತ್ತೀತು. ಬದುಕಿ ಉಳಿದರೆ ಗೊರಸಿನೊಳಗಿನ ಜೀವಪದರದಲ್ಲಿ ಉರಿಯೂತ ಉಂಟಾಗುತ್ತದೆ. ಕವಚಕ್ಕೂ ಎಲುಬಿಗೂ ಇರುವ ಬಿಗಿ ಸಡಿಲುತ್ತದೆ. ಕವಚದ ಬೆಳವಣಿಗೆ ಅಂಕುಡೊಂಕಾಗುತ್ತದೆ. ನೋವಿನಿಂದ ಪ್ರಾಣಿ ನಡೆಯದಿರುವುದರಿಂದ ಸವೆತವೂ ಕುಗ್ಗುತ್ತದೆ. ಹೀಗೆ ನಾಲ್ಕೂ ಗೊರಸುಗಳು ಚಪ್ಪಟೆಯಾಗಿ, ಉದ್ದವಾಗಿ, ತುದಿ ಮೇಲೆದ್ದು ಬೆಳೆಯುತ್ತವೆ. ಚಳಿನಾಡುಗಳಲ್ಲಿ ಹಿಮ ಬಿದ್ದಾಗ ಜಿಂಕೆಗಳು ಹಸಿದಿವೆಯೆಂದು ಕರುಣೆಯಿಂದ ಮೆಕ್ಕೆಜೋಳ ಸುರಿದ ಜನ, ಅದನ್ನು ತಿಂದ ಜಿಂಕೆಗಳು ಹೊಟ್ಟೆ ತುಂಬಿದ್ದರೂ ಸತ್ತು ಬಿದ್ದುದನ್ನು ಕಂಡಿದ್ದಾರೆ.

ನಾಲ್ಕನೆಯ ಕಾರಣ ನೆಲದೊಳಗಿನ ಖನಿಜ. ಸೆಲೆನಿಯಂ ಎಂಬ ಧಾತು ಪ್ರಾಣಿಗಳಿಗೆ ಅತಿ ಸ್ವಲ್ಪ ಪ್ರಮಾಣದಲ್ಲಿ ಬೇಕೇ ಬೇಕು. ಹೆಚ್ಚಾದರೆ ಅದೇ ವಿಷ. ಪಂಜಾಬಿನ ಹೋಶಿಯಾರ್‌ಪುರ ಮತ್ತು ನವಾನ್‌ಶಹರ ಭಾಗದ ಕೆಲವು ಹೊಲಗಳ ಮಣ್ಣಿನಲ್ಲಿ ಅದು ಅತಿಯಾಗಿದೆ. ಅಲ್ಲಿಯ ಮೇವನ್ನು ತಿಂದ ದನ ಎಮ್ಮೆಗಳ ಕೂದಲು ಉದುರುವುದೂ, ಗೊರಸು ಅತಿಯಾಗಿ ಬೆಳೆದು ಬಿರಿದು ಕೊನೆಗೆ ಕಳಚಿಬೀಳುವುದೂ ಕಂಡುಬಂದಿದೆ. 13ನೆಯ ಶತಮಾನದ ಪ್ರವಾಸಿ ಮಾರ್ಕೋ ಪೋಲೋ ಚೀನಾದ ಬೆಟ್ಟಗಾಡೊಂದರ ವಿಷದ ಗಿಡವನ್ನು ಕುರಿತು ಬರೆದಿದ್ದಾನೆ. ಹೊರಗಿನಿಂದ ಬಂದ ಪಶುಗಳು ಅದನ್ನು ತಿಂದು ಗೊರಸನ್ನು ಕಳೆದುಕೊಳ್ಳುತ್ತಿದ್ದುವಂತೆ. ಆ ನಾಡಿನ ಪಶುಗಳು ಮಾತ್ರ ಅದನ್ನು ಗುರುತಿಸಿ ಮುಟ್ಟುತ್ತಿರಲಿಲ್ಲವಂತೆ. ಅದು ಸೆಲೆನಿಯಂ ತುಂಬಿದ ಗಿಡವಾಗಿದ್ದಿರಬೇಕೆಂದು ಹಲವರ ಊಹೆ. ಇದಕ್ಕೆ ವಿರುದ್ಧವಾಗಿ ತಾಮ್ರ, ಸತುವುಗಳ ಕೊರತೆಯಾದರೂ ಗೊರಸಿನ ಕವಚ ಗಟ್ಟಿಯಾಗಿ ಕಟ್ಟಿಕೊಳ್ಳದು.

ಐದನೆಯ ಕಾರಣ ರೋಗ. ಕಾಲುಬಾಯಿ ಬೇನೆಯನ್ನು ಅರಿಯದ ರೈತನಿಲ್ಲ. ಬಾಯಿಯಲ್ಲಿಯೂ ಗೊರಸಿನ ಸಂದಿನಲ್ಲಿಯೂ ಗುಳ್ಳೆಗಳೆದ್ದು ದನ ಮೇವು ಬಿಡುತ್ತದೆ, ಕುಂಟುತ್ತದೆ. ವಾಸಿಯಾದ ಮೇಲೂ ಕೆಲವೊಮ್ಮೆ ಗೊರಸು ವಿಕಾರವಾಗಿ ಉಳಿಯುತ್ತದೆ. ಈ ಬೇನೆ ಸಾರಗ, ಕಾಡೆಮ್ಮೆ ಮೊದಲಾದ ಸೀಳುಗೊರಸಿನ ಕಾಡುಪ್ರಾಣಿಗಳಿಗೂ ತಗಲಬಲ್ಲದು. ಕುರಿಗಳಿಗೆ ಬರುವ ನೀಲಿ ನಾಲಿಗೆ ರೋಗ ಇನ್ನೊಂದು. ಸಣ್ಣ ನುಸಿಗಳು ಕಚ್ಚಿ ಹರಡುವ ಈ ರೋಗದಲ್ಲಿ ಗೊರಸು ಹುಟ್ಟುವ ಅಂಚೇ ಕೆಂಪಾಗಿ ಬಾತುಕೊಳ್ಳುತ್ತದೆ. ಇದೇ ಬಳಗದ ರಕ್ತಸ್ರಾವದ ರೋಗವೊಂದನ್ನು 1955ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬಿಳಿಬಾಲದ ಜಿಂಕೆಗಳಲ್ಲಿ ಗುರುತಿಸಲಾಯಿತು. ಅದರಿಂದ ಬದುಕಿ ಉಳಿದ ಜಿಂಕೆಗಳ ಗೊರಸಿನಲ್ಲಿ ತಿಂಗಳುಗಳ ಬಳಿಕ ಆಳವಾದ ಗೆರೆಗಳೂ ಬಿರುಕುಗಳೂ ಕಾಣಿಸುತ್ತವೆ. ಅದೇ ದೇಶದ ವಾಷಿಂಗ್ಟನ್ ರಾಜ್ಯದ ನೈಋತ್ಯ ಭಾಗದಲ್ಲಿ, ಕಡವೆಯ ಸಮೀಪದ ಬಂಧುವಾದ ಎಲ್ಕ್ ಎಂಬ ದೊಡ್ಡ ಜಿಂಕೆಗಳು 2008ರ ಸುಮಾರಿನಿಂದ ಹೆಚ್ಚು ಹೆಚ್ಚಾಗಿ ಕುಂಟುತ್ತಿರುವುದು ಜನರ ಕಣ್ಣಿಗೆ ಬಿತ್ತು. ಅವುಗಳ ಗೊರಸುಗಳು ಉದ್ದವಾಗಿ ಕತ್ತರಿಯಂತೆ ಒಂದರ ಮೇಲೊಂದು ಹಾಯ್ದಿದ್ದವು, ಕೆಲವು ಮುರಿದಿದ್ದವು. ಟ್ರೆಪೊನಿಮಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಗಳಿಗೂ ಈ ರೋಗಕ್ಕೂ ಸಂಬಂಧವಿರುವುದು ಪರೀಕ್ಷೆಗಳಿಂದ ತಿಳಿಯಿತು. ದನ ಕುರಿಗಳ ಗೊರಸಿನ ರೋಗದಲ್ಲಿಯೂ ಇಂಥ ಬ್ಯಾಕ್ಟೀರಿಯಗಳೇ ಇರುತ್ತವೆ. ಇದರ ಅಧ್ಯಯನವನ್ನು 2017ರಲ್ಲಿ ಆ ರಾಜ್ಯದ ವಿಶ್ವವಿದ್ಯಾಲಯಕ್ಕೆ ಕಾನೂನಿನ ಮೂಲಕವೇ ವಹಿಸಲಾಯಿತು.

ಇಷ್ಟು ಕಾರಣಗಳಿರುವಾಗ ಕಣ್ಣೆದುರಿನ ಜಿಂಕೆಗೆ ಯಾವುದು ತಗಲಿದೆಯೆಂದು ತಿಳಿಯುವುದು ಹೇಗೆ? ಇದಕ್ಕೆ ಸರಳವಾದ ಮೊದಲ ಪ್ರಶ್ನೆಯೊಂದುಂಟು: ಎಷ್ಟು ಕಾಲುಗಳ ಗೊರಸು ಬೆಳೆದಿದೆ? ಒಂದೇ ಕಾಲಿನದಾದರೆ ಆ ಕಾಲಿನ ಗಾಯವನ್ನು ಹುಡುಕಬೇಕು. ನಾಲ್ಕೂ ಕಾಲುಗಳದಾದರೆ ಕಾರಣ ಇಡೀ ಮೈಗೆ ಸಂಬಂಧಿಸಿದ್ದು. ನೆಲವೋ, ಮೇವೋ, ಜ್ವರವೋ ಇರಬೇಕು. ಎರಡನೆಯ ಪ್ರಶ್ನೆ: ಎಷ್ಟು ಜಿಂಕೆಗಳಿಗೆ ಹೀಗಾಗಿದೆ? ಒಂದಕ್ಕಾದರೆ ಅದು ಆ ಪ್ರಾಣಿಯ ದುರದೃಷ್ಟ. ಹಿಂಡಿಗೇ ಆದರೆ ಆ ಸೀಮೆಯಲ್ಲಿಯೇ ಏನೋ ಕೆಟ್ಟಿದೆ. ಮೂರನೆಯದಾಗಿ ಗೊರಸಿನ ಮೇಲಿನ ಗೆರೆಗಳನ್ನು ನೋಡಬೇಕು. ಜ್ವರ, ಹಸಿವು, ಹೊಟ್ಟೆಯ ಕೆಡಕುಗಳು ಬಂದಾಗ ಕವಚದ ಬೆಳವಣಿಗೆ ತಡೆದು ಅಡ್ಡಗೆರೆ ಮೂಡುತ್ತದೆ. ಹಸುವಿನ ಗೊರಸಿನಲ್ಲಿ ಕೂದಲಂಚಿನಿಂದ 3 ಸೆಂಟಿಮೀಟರ್ ಕೆಳಗೆ ಅಂಥ ಗೆರೆಯಿದ್ದರೆ, ತಿಂಗಳಿಗೆ 5 ಮಿಲಿಮೀಟರಿನ ಲೆಕ್ಕದಲ್ಲಿ, ಆ ಕಷ್ಟ ಬಂದು ಸುಮಾರು ಆರು ತಿಂಗಳಾಯಿತೆಂದು ಹೇಳಬಹುದು. ಮೂಕಪ್ರಾಣಿ ಬಾಯಿಯಿಂದ ಹೇಳಲಾರದ ದಿನಚರಿಯನ್ನು ಗೊರಸು ಹೀಗೆ ಬರೆದಿಟ್ಟಿರುತ್ತದೆ.

ಉದ್ದ ಗೊರಸಿನ ಜಿಂಕೆ ಕಾಡಿನಲ್ಲಿ ಅಪರೂಪವಾಗಿ ಕಾಣುವುದೇಕೆಂಬುದೂ ವಿಚಾರಿಸತಕ್ಕ ವಿಷಯ. ಅಂಥ ಪ್ರಾಣಿ ಓಡಲಾರದು. ಚಿರತೆ, ಸೀಳುನಾಯಿಗಳಿರುವಲ್ಲಿ ಅದು ಬಹುಕಾಲ ಉಳಿಯದು. ಎಂದರೆ ಕಾಣದಿರುವುದರಿಂದಲೇ ರೋಗವಿಲ್ಲವೆಂದು ತೀರ್ಮಾನಿಸಲಾಗದು. ಹಾಗೆಯೇ ಬೇಟೆಯಾಡುವ ಪ್ರಾಣಿಗಳು ಇಲ್ಲವಾದ ಕಡೆ ಕುಂಟು ಜಿಂಕೆಗಳು ಹೆಚ್ಚು ದಿನ ಬದುಕಿ ನಮ್ಮ ಕಣ್ಣಿಗೆ ಬೀಳುತ್ತವೆ.

ಅಂಥದೊಂದು ಜಿಂಕೆಯನ್ನು ಕಂಡಾಗ ಮನಸ್ಸು ಕರಗುವುದು ಸಹಜ. ಹಿಡಿದು ಗೊರಸು ಕತ್ತರಿಸಿ ಬಿಡೋಣವೆನಿಸಬಹುದು. ಆದರೆ ಜಿಂಕೆ ಎತ್ತಲ್ಲ. ಅಟ್ಟಿಸಿಕೊಂಡು ಹೋಗಿ ಹಿಡಿದರೆ ಭಯದಿಂದಲೂ ಅತಿಯಾದ ಓಟದಿಂದಲೂ ಅದರ ಸ್ನಾಯುಗಳು ಕೆಟ್ಟು, ಹಿಡಿದ ಕೆಲವು ಗಂಟೆಗಳಲ್ಲಿಯೋ ದಿನಗಳಲ್ಲಿಯೋ ಅದು ಸತ್ತುಹೋಗಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಕಾಡುಪ್ರಾಣಿಯನ್ನು ಹಾಗೆ ಹಿಡಿಯುವುದನ್ನು ನಿಷೇಧಿಸುತ್ತದೆ. ದೂರದಿಂದ ನೋಡಿ, ಎಷ್ಟು ಕಾಲು, ಎಷ್ಟು ಪ್ರಾಣಿ, ಯಾವ ಸ್ಥಳ, ಯಾವ ದಿನ ಎಂಬುದನ್ನು ಗುರುತು ಹಾಕಿಕೊಂಡು ಅರಣ್ಯ ಇಲಾಖೆಗೆ ತಿಳಿಸುವುದೇ ನಿಜವಾದ ಉಪಕಾರ. ಪ್ರವಾಸಕ್ಕೆ ಹೋದಾಗ ಕಾಡಿನಂಚಿನ ಜಿಂಕೆಗೆ ಬುತ್ತಿಯ ರೊಟ್ಟಿಯನ್ನು ಎಸೆಯದಿರುವುದು ಅದಕ್ಕಿಂತ ದೊಡ್ಡ ಉಪಕಾರ. ಊರಿನ ದನಗಳಿಗೆ ಕಾಲಕಾಲಕ್ಕೆ ಕಾಲುಬಾಯಿ ಬೇನೆಯ ಲಸಿಕೆ ಹಾಕಿಸುವುದೂ ಕಾಡಿನ ಜಿಂಕೆಗೆ ಮಾಡಿದ ಸೇವೆಯೇ ಆಗುತ್ತದೆ. ಏಕೆಂದರೆ ರೋಗಕ್ಕೆ ಊರಿನ ಗಡಿ, ಕಾಡಿನ ಗಡಿ ಎಂಬ ಭೇದವಿಲ್ಲ.

ಸಂತೆಯ ರೈತ ಬಗ್ಗಿ ನೋಡಿದಾಗ ಎತ್ತಿನ ಗೊರಸಿನಲ್ಲಿ ಅದರ ಹಿಂದಿನ ಯಜಮಾನನ ಗುಣವನ್ನೂ ಕಾಣುತ್ತಾನೆ. ಎತ್ತನ್ನು ಒಣನೆಲದಲ್ಲಿ ಕಟ್ಟಿದನೋ ಕೆಸರಿನಲ್ಲಿ ಕಟ್ಟಿದನೋ, ಹೊತ್ತಿಗೆ ಗೊರಸು ಹೆರೆಸಿದನೋ ಇಲ್ಲವೋ, ಎಲ್ಲವೂ ಅಲ್ಲಿ ಬರೆದಿರುತ್ತದೆ. ಕಾಡಿನ ಜಿಂಕೆಗೆ ಯಜಮಾನನಿಲ್ಲ. ಆದರೆ ಅದು ತುಳಿಯುವ ನೆಲ, ಮೇಯುವ ಹುಲ್ಲು, ಅದನ್ನು ತಡೆಯುವ ಬೇಲಿ, ಅದರ ಮುಂದೆ ಬೀಳುವ ಕಾಳು ಇವುಗಳಲ್ಲಿ ಹಲವು ಇಂದು ಮನುಷ್ಯನ ಕೈಯಲ್ಲಿವೆ. ಆ ಕೈ ವಿವೇಕದಿಂದ ನಡೆದುಕೊಂಡಿತೋ ಇಲ್ಲವೋ ಎಂಬುದನ್ನು ಜಿಂಕೆಯ ಗೊರಸೂ ಹೇಳಬಲ್ಲದು. ಅದನ್ನು ಓದಲು ನಾವು ಬಗ್ಗಿ ನೋಡಬೇಕು, ಅಷ್ಟೆ.

ಅಭ್ಯಾಸ

1. ಲಾಳ ಬಡಿದ ಎತ್ತಿನ ಗೊರಸನ್ನು ಆಗಾಗ ಹೆರೆಯಬೇಕಾಗುವುದು ಏಕೆ?
2. ಉದ್ದವಾದ ಗೊರಸೆಲ್ಲ ರೋಗದ ಗುರುತಲ್ಲ ಎಂಬ ಮಾತನ್ನು ಉದಾಹರಣೆಯೊಡನೆ ಸಮರ್ಥಿಸಿರಿ.
3. ಜಿಂಕೆಗೆ ಕಾಳು, ರೊಟ್ಟಿಗಳನ್ನು ತಿನ್ನಿಸುವುದರಿಂದ ಆಗುವ ಹಾನಿಯನ್ನು ವಿವರಿಸಿರಿ.
4. ಒಂದು ಹಸುವಿನ ಗೊರಸಿನಲ್ಲಿ ಕೂದಲಂಚಿನಿಂದ 4 ಸೆಂಟಿಮೀಟರ್ ಕೆಳಗೆ ಅಡ್ಡಗೆರೆಯಿದೆ. ಆ ಹಸುವಿಗೆ ಕಷ್ಟ ಬಂದು ಸುಮಾರು ಎಷ್ಟು ತಿಂಗಳಾಗಿರಬೇಕು?
5. ನಿಮ್ಮ ಮನೆಯ ಅಥವಾ ನೆರೆಯವರ ದನದ ಗೊರಸುಗಳನ್ನು ಹಿರಿಯರ ಸಹಾಯದಿಂದ ಗಮನಿಸಿ, ಕಂಡದ್ದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.